ಮಣ್ಣು ಹತ್ತದ ಬೂಟು

“ಕಾಲು ಹಿಂದಕ್ಕೆ ಎಳ್ಕಳ್ರೇ ಮುಂಡೇವಾ! ಬೂಟು ಮುಟ್ಟೋಕ್ಮುಂಚೇನೇ ಗಲೀಜು ಮಾಡ್ಬುಡ್ತೀರಾ?”

ಮೇಸ್ತ್ರಿ ಬಾಲ್ತಾಸಾರ್ ಕಾಫಿ ಒಣಗಿಸುವ ಕಣದ ನಡುವೆ ನಿಂತು ಗೋಣಿಚೀಲವನ್ನು ಕೊಡವಿದ. ಒಳಗಿಂದ ಕರಿ ಬೂಟುಗಳು ದಬದಬನೆ ಉದುರಿದವು. ಹೊಸ ಚರ್ಮದ ವಾಸನೆ ಕಣದ ತುಂಬ ಹರಡಿತು. ಸಾಲಾಗಿ ನಿಂತಿದ್ದ ಕೂಲಿಯವರೆಲ್ಲ ಹಿಂದೆ ಸರಿದರು. ಬೆಳಗಿನಿಂದ ಹಣ್ಣು ಬಿಡಿಸುತ್ತ ಕೆಸರಿನಲ್ಲೇ ನಿಂತಿದ್ದ ಕಾಲುಗಳು ಅವು. ಬಿರುಕುಗಳಲ್ಲಿ ಮಣ್ಣು ಕೂತು ಗಟ್ಟಿಯಾಗಿತ್ತು. ಕಾಸಿಮೀರಾ ಸೊಂಟಕ್ಕೆ ಕಟ್ಟಿದ್ದ ಬುಟ್ಟಿಯನ್ನು ಬಿಚ್ಚಿ ಕಾಲಿಗೆ ಅಡ್ಡ ಇಟ್ಟುಕೊಂಡಳು. ಎಡಗಾಲಿನ ಹೆಬ್ಬೆರಳಿನ ಉಗುರನ್ನು ಚರ್ಮ ಕೊರೆದು ಒಳಹೊಗುವ ಮಣ್ಣುಚಿಗಟ ತಿಂದುಹಾಕಿತ್ತು. ಅದನ್ನು ಯಾರಾದರೂ ನೋಡುವುದು ಅವಳಿಗೆ ಬೇಕಿರಲಿಲ್ಲ.

ಬಂಗಲೆಯ ಜಗಲಿಯಲ್ಲಿ ತೂಗುಕುರ್ಚಿಯ ಮೇಲೆ ಕೂತಿದ್ದ ಧಣಿ ದೋನ್ ಸೆವೇರೊ ಎದ್ದು ಬಂದರು.

“ಕೇಳಿಸಿಕೊಳ್ಳಿ ಎಲ್ಲರೂ. ನಾಳೆ ವಾಷಿಂಗ್ಟನ್ನಿಂದ ದೊರೆಗಳು ಬರ್ತಿದಾರೆ. ಈ ದ್ವೀಪ ಅಮೆರಿಕದ ಕೈಗೆ ಬಂದು ನಿಮ್ಮ ಅಜ್ಜಂದಿರ ಕಾಲ ಆಯಿತು. ಇವತ್ತಿಗೂ ಅವರ ದೊಡ್ಡ ಸಭೆಯಲ್ಲಿ ನಮ್ಮ ಪರವಾಗಿ ಕೈ ಎತ್ತೋನು ಒಬ್ಬನೂ ಇಲ್ಲ. ನಮ್ಮನ್ನೂ ಒಂದು ರಾಜ್ಯ ಮಾಡಿ, ನಿಮ್ಮ ಸಮಕ್ಕೆ ಕೂರಿಸಿ ಅಂತ ಕೇಳ್ತಿದೀವಿ. ಇವರು ಮನುಷ್ಯರ ಹಾಗೆ ಬದುಕ್ತಿದಾರಾ ಅಂತ ನೋಡೋದಕ್ಕೆ ಬರ್ತಿದಾರೆ ಅವರು. ನನ್ನ ಮಾನ ತೆಗೀಬೇಡಿ.”

“ನಮ್ಮ ಹೈಕ್ಳು ಯುದ್ಧದಾಗೆ ಸಾಯೋಕೆ ಮಾತ್ರ ರಾಜ್ಯ ಗೀಜ್ಯ ಏನೂ ಬೇಕಾಗ್ನಿಲ್ಲ ನೋಡು,” ಎಂದು ಕಾಸಿಮೀರಾಳ ಬೆನ್ನ ಹಿಂದೆ ಮುದುಕ ತೊರೀಬಿಯೊ ಗೊಣಗಿದ. ಅವನ ಮಗ ಹುಟ್ಟಿದ ಮೇಲೆ ಮೊದಲ ಸಲ ಬೂಟು ಹಾಕಿದ್ದು ಸೈನ್ಯಕ್ಕೆ ಸೇರಿದ ದಿನ. ಆಮೇಲೆ ಬೂಟೂ ಬರಲಿಲ್ಲ, ಮಗನೂ ಬರಲಿಲ್ಲ.

“ಯಾವನ್ಲಾ ಅದು ಬೊಗಳಿದ್ದು?” ಎಂದ ಮೇಸ್ತ್ರಿ.

ಬೂಟುಗಳನ್ನು ಅಳತೆ ನೋಡಿ ಹಂಚಲಿಲ್ಲ. ಮೇಸ್ತ್ರಿ ಕೈಗೆ ಸಿಕ್ಕಿದ್ದನ್ನು ಎಸೆದ, ಅವರು ಹಿಡಿದುಕೊಂಡರು. ಕಾಸಿಮೀರಾಳಿಗೆ ಸಿಕ್ಕಿದ್ದು ಬೆರಳು ಮಡಚಿದರೂ ಹಿಡಿಸದಷ್ಟು ಸಣ್ಣದು. ಬೇರೆ ಕೊಡಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

“ಇವು ಅಂಗ್ಡಿ ಮಾಲು,” ಮೇಸ್ತ್ರಿ ಬೆರಳು ಆಡಿಸಿದ. “ಊರ ಚೌಕದಾಗೆ ಹಾಕ್ಕಂಡು ನಿಂತ್ಕಳದು, ಬಾವುಟ ಅಲ್ಲಾಡ್ಸದು, ಸಂಜೀಕೆ ಬಿಚ್ಚಿ ನನ್ನ ಕೈಗೆ ಕೊಡದು. ಅಟ್ಟೆಗೆ ಒಂದು ಚೂರು ಮಣ್ಣು ಹತ್ತಿರ್ಲಿ, ಆ ಮಣ್ಣ ನಾಲ್ಗೇಲೇ ನೆಕ್ಕುಸ್ತೀನಿ. ಗೊತ್ತಾಯ್ತಾ?”

ಗೊತ್ತಾಯಿತು ಎಂದು ಎಲ್ಲರೂ ತಲೆ ಆಡಿಸಿದರು. ಗೊತ್ತಾದದ್ದೇ ಮರುದಿನ ಅವರ ಕೊರಳಿಗೆ ಬಂತು.

*

ನಮ್ಮ ಬೆಟ್ಟದಲ್ಲಿ ಬೂಟು ಇರುವ ಮನೆಗಳೇ ಕಡಿಮೆ. ಇದ್ದರೂ ಯಾರೂ ಅದನ್ನು ಮೆಟ್ಟಿಕೊಂಡು ಇಳಿಯುವುದಿಲ್ಲ. ದಾರಿಯೆಂದರೆ ಕೆಂಪು ಜೇಡಿ, ಮಳೆ ಬಿದ್ದರೆ ಮೊಣಕಾಲಿನವರೆಗೆ ಹೂತುಕೊಳ್ಳುತ್ತದೆ. ಹಾಗಾಗಿ ದಾರಗಳನ್ನು ಒಂದಕ್ಕೊಂದು ಗಂಟು ಹಾಕಿ ಬೂಟನ್ನು ಕೊರಳಿಗೆ ನೇತುಹಾಕಿಕೊಳ್ಳುವುದು, ಬರಿಗಾಲಲ್ಲಿ ಇಳಿಯುವುದು, ಊರ ಬಾಗಿಲಿನ ತೊರೆಯಲ್ಲಿ ಕಾಲು ತೊಳೆದು, ಒರೆಸಿ, ಬಂಡೆಯ ಮೇಲೆ ಕೂತು ಮೆಟ್ಟಿಕೊಳ್ಳುವುದು. ಮದುವೆಗೆ ಹೋಗುವವರೂ ಹೀಗೆಯೇ, ಹೆಣ ಹೊತ್ತು ಹೋಗುವವರೂ ಹೀಗೆಯೇ. ಇದು ಮರ್ಯಾದೆ. ಕೆಸರುಗಾಲಲ್ಲಿ ಊರು ಹೊಕ್ಕವರನ್ನು ನಮ್ಮವರೇ ಆಡಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಎಲ್ಲರೂ ಹಾಗೆಯೇ ಇಳಿದರು. ಮುಂದೆ ಕಾಸಿಮೀರಾ. ಅವಳ ಗಂಡ ಕಬ್ಬು ಕಡಿಯಲು ಸಮುದ್ರದ ಕಡೆ ಹೋದವನು ತಿರುಗಿ ಬಂದಿರಲಿಲ್ಲ, ಹಾಗಾಗಿ ಗಂಡಸರಿಗಿಂತ ಮುಂದೆ ನಡೆಯುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು. ಒಗೆದ ಬಿಳಿ ಲಂಗ, ತಲೆಗೆ ವಸ್ತ್ರ, ಕೊರಳಲ್ಲಿ ಕರಿ ಬೂಟು. ನಡೆದಂತೆ ಅವು ಎದೆಗೆ ತಟ್ಟುತ್ತಿದ್ದವು. ಬೆಟ್ಟದ ಹೆಂಗಸರು ಹಾಡು ಹೇಳಿಕೊಂಡು ಬರುತ್ತಿದ್ದರು. ಅವತ್ತು ಕಾಫಿ ಬಿಡಿಸುವುದು ಇರಲಿಲ್ಲ, ಅದೇ ಒಂದು ಹಬ್ಬ.

ದೊರೆಗಳು ಕೆಳಗಿನ ದೊಡ್ಡ ರಸ್ತೆಯಿಂದ ಬರುತ್ತಾರೆ ಎಂದಿದ್ದರು ದೋನ್ ಸೆವೇರೊ. ಆದರೆ ಕಾಫಿ ತೋಟ ನೋಡಬೇಕೆಂದು ದೊರೆಗಳೇ ಕಾರನ್ನು ಮೇಲಿನ ದಾರಿಗೆ ಹೊರಳಿಸಿದ್ದರು. ತೊರೆ ಇನ್ನೂ ಒಂದು ತಿರುವು ದೂರ ಇದ್ದಾಗ ಹಿಂದಿನಿಂದ ಹಾರನ್ ಕೇಳಿಸಿತು.

ಕಾರು ನಿಂತಿತು. ಒಣಹುಲ್ಲಿನ ಬಣ್ಣದ ಹುಬ್ಬಿನ ಒಬ್ಬ ಎತ್ತರದ ದೊರೆ ಇಳಿದು ಬಂದು ಕೂಲಿಯವರ ಕೊರಳು ನೋಡಿದ, ಕಾಲು ನೋಡಿದ, ಮತ್ತೆ ಕೊರಳು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾರಿನಲ್ಲಿದ್ದವರನ್ನು ಕೂಗಿ ಕರೆದ. ಕ್ಯಾಮೆರಾದವನು ಓಡಿ ಬಂದ. ದೊರೆ ಕಾಸಿಮೀರಾಳ ಕೊರಳಿನ ಬೂಟುಗಳನ್ನು ತೋರಿಸಿ, ಎತ್ತಿ ಹಿಡಿ ಎಂದು ಕೈಸನ್ನೆ ಮಾಡಿದ.

ಕಾಸಿಮೀರಾ ಎತ್ತಿ ಹಿಡಿದಳು. ಅವನು ನಗುತ್ತಿದ್ದ, ಆದ್ದರಿಂದ ಅವಳೂ ನಕ್ಕಳು. ಮನೆಗೆ ಬಂದವರು ನಕ್ಕರೆ ನಾವೂ ನಗಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

ತೊರೆಯಲ್ಲಿ ಕಾಲು ತೊಳೆದು, ಬೂಟು ಹಾಕಿಕೊಂಡು ಅವರು ಚೌಕ ಮುಟ್ಟುವ ಹೊತ್ತಿಗೆ ದೋನ್ ಸೆವೇರೊ ಬಿಳಚಿಕೊಂಡು ನಿಂತಿದ್ದರು.

“ಇವಳೇನಾ ಮುಂದೆ ಇದ್ದೋಳು?”

“ಇವ್ಳೇ ಧಣಿ, ಕಾಸಿಮೀರಾ,” ಎಂದ ಮೇಸ್ತ್ರಿ.

“ಮಣ್ಣು ಮಾಡ್ಬ್ಯಾಡಿ ಅಂತ ಮೇಸ್ತ್ರೀನೇ ಹೇಳಿದ್ರು ಧಣೀ...” ಎಂದು ಕಾಸಿಮೀರಾ ಬಾಯಿ ತೆರೆದಳು.

“ನಾನ್ಯಾವಾಗ್ಲೇ ಹೇಳ್ದೆ? ಸುಳ್ಳು ಬೊಗಳಿದ್ರೆ ಹಲ್ಲುದುರುಸ್ಬುಡ್ತೀನಿ!”

ಸಂಜೆ ಬೂಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಕಾಸಿಮೀರಾಳ ಎರಡೂ ಹಿಮ್ಮಡಿ ಕಿತ್ತುಹೋಗಿದ್ದವು.

*

ಆ ಚಿತ್ರ ರಾಜಧಾನಿಯ ಪತ್ರಿಕೆಯಲ್ಲಿ ಬಂತು. ಊರ ಅಂಗಡಿಯವನು ಅದನ್ನು ಕತ್ತರಿಸಿ ಉಪ್ಪುಮೀನಿನ ಪೀಪಾಯಿಯ ಮೇಲಿನ ಗೋಡೆಗೆ ಅಂಟಿಸಿದ. ಕೆಸರುಗಾಲಿನ ಹೆಂಗಸು ಎರಡೂ ಕೈಯಲ್ಲಿ ಬೂಟು ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದಾಳೆ. ಕೆಳಗೆ ಆ ಹುಬ್ಬಿನ ದೊರೆ ಆಡಿದ ಮಾತು: ಇವರು ನಮ್ಮ ನಲವತ್ತೆಂಟಕ್ಕೆ ಸೇರುವ ನಲವತ್ತೊಂಬತ್ತನೇ ರಾಜ್ಯವಂತೆ, ಬೂಟು ಎಲ್ಲಿಗೆ ಹಾಕಬೇಕೆಂದು ಮೊದಲು ಯಾರಾದರೂ ಹೇಳಿಕೊಡಿ.

ಉಪ್ಪು ತರಲು ಹೋದ ಕಾಸಿಮೀರಾ ಚಿತ್ರ ನೋಡಿದಳು. ಓದಲು ಬರುತ್ತಿರಲಿಲ್ಲ, ಅಂಗಡಿಯವನೇ ಓದಿ ಹೇಳಿದ. ಇನ್ನೊಂದು ಸಲವೂ ಓದಿದ, ಪಕ್ಕದಲ್ಲಿದ್ದವರು ಕೇಳಿಸಿಕೊಳ್ಳಲಿ ಎಂದು.

“ಕೈಗೆ ಗ್ಲೌಸು ತರ್ಸಿ ಕೊಡ್ಲಾ ಕಾಸಿಮೀರಕ್ಕ? ಅದ ಕಾಲಿಗೆ ಹಾಕ್ಕಬೋದು.”

ಅವಳು ಉಪ್ಪು ಬಿಟ್ಟು ಹೊರಗೆ ಬಂದಳು. ತನ್ನ ನಗು ಅಷ್ಟು ಅಗಲವಾಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಲ್ಲು ಹೋದ ಜಾಗವೂ ಕಾಣುತ್ತಿತ್ತು. ಅಂಗಡಿಯಿಂದ ಬೆಟ್ಟದ ಬುಡದವರೆಗೂ ಅವಳು ಬಾಯಿಯ ಮೇಲೆ ಸೆರಗಿನಂತೆ ತಲೆವಸ್ತ್ರವನ್ನು ಎಳೆದುಕೊಂಡೇ ನಡೆದಳು.

ಭಾನುವಾರ ಪೂಜೆಯಲ್ಲಿ ಪಾದ್ರಿ ಹೆಸರು ಹೇಳಲಿಲ್ಲ. “ಒಬ್ಬಳ ಮಂಕುತನದಿಂದ ಇಡೀ ಜನಾಂಗದ ತಲೆ ತಗ್ಗಿತು,” ಎಂದಷ್ಟೇ ಹೇಳಿ ಹಿಂದಿನ ಸಾಲಿನತ್ತ ನೋಡಿದರು. ಮುಂದೆ ಕೂತವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಕಾಸಿಮೀರಾಳ ಕಿವಿ ಸುಟ್ಟಿತು. ಕಾಲುಗಳನ್ನು ಬೆಂಚಿನ ಕೆಳಗೆ, ಲಂಗದ ಒಳಗೆ ಎಳೆದುಕೊಂಡಳು. ಪ್ರಸಾದದ ರೊಟ್ಟಿಗೆ ಎದ್ದು ಹೋಗಲಿಲ್ಲ.

ಇವೆಲ್ಲ ಆಗಲಿ, ತಡೆದುಕೊಳ್ಳುತ್ತಿದ್ದಳು. ಮಗಳದ್ದೇ ತಡೆಯಲಾಗಲಿಲ್ಲ.

ಎಲ್ಬಾಗೆ ಹದಿಮೂರು. ಊರ ಶಾಲೆಗೆ ಹೋಗುತ್ತಿದ್ದಳು. ಬೂಟಿಲ್ಲದವರನ್ನು ಶಾಲೆಯೊಳಗೆ ಬಿಡುವುದಿಲ್ಲ. ತೇಪೆ ಹಾಕಿದ ಒಂದು ಜೊತೆಯನ್ನು ಕಾಸಿಮೀರಾ ಹೇಗೋ ಹೊಂದಿಸಿಕೊಟ್ಟಿದ್ದಳು. ಮಗಳೂ ಎಲ್ಲರಂತೆ ಕೊರಳಿಗೆ ಹಾಕಿಕೊಂಡೇ ಇಳಿಯುತ್ತಿದ್ದಳು. ಚಿತ್ರ ಬಂದ ಮೇಲೆ ಮನೆಯ ಹೊಸ್ತಿಲಲ್ಲೇ ಮೆಟ್ಟಿಕೊಂಡು ಕೆಸರಿನಲ್ಲಿ ನಡೆಯತೊಡಗಿದಳು. ನಾಲ್ಕು ದಿನಕ್ಕೆ ಅಟ್ಟೆ ಬಾಯಿ ಬಿಟ್ಟಿತು.

“ಯಾಕವ್ವ ಹಾಳು ಮಾಡ್ಕತೀಯ? ಕೊರಳಿಗೆ ಹಾಕ್ಕ.”

“ನಿನ್ನಂಗೆ ಕೊರಳಿಗೆ ಹಾಕ್ಕಂಡು ನಾನೂ ಹಲ್ಲು ಕಿರೀಲಾ?”

ಕಾಸಿಮೀರಾ ಒಲೆ ಊದುತ್ತಿದ್ದವಳು ಹಾಗೆಯೇ ಕೂತಳು. ಬೇಯುತ್ತಿದ್ದ ಬಾಳೆಕಾಯಿಯ ನೀರು ಉಕ್ಕಿ ಬೆಂಕಿಯ ಮೇಲೆ ಚೆಲ್ಲಿತು.

“ಶಾಲೇಲಿ ಎಲ್ರೂ ಬೂಟ ಕೊರಳಿಗೆ ಕಟ್ಕಂಡು ನನ್ನ ಸುತ್ತ ಕುಣೀತಾರೆ,” ಎಂದಳು ಎಲ್ಬಾ. ಅಳಲಿಲ್ಲ. “ನೀನ್ಯಾಕವ್ವ ನಕ್ಕೆ? ಬೈದಿದ್ರೆ ಆಗ್ತಿತ್ತು. ಸುಮ್ನೆ ನಿಂತಿದ್ರೂ ಆಗ್ತಿತ್ತು. ನಗೋದ್ಯಾಕೆ?”

ಕಾಸಿಮೀರಾ ಆರಿದ ಒಲೆಗೆ ಮತ್ತೆ ಸೌದೆ ಒಡ್ಡಿದಳು. ಅಂದಿನಿಂದ ಮಗಳು ಶಾಲೆಗೂ ಹೋಗಲಿಲ್ಲ, ಅವಳ ಮುಖ ನೋಡಿ ಮಾತನ್ನೂ ಆಡಲಿಲ್ಲ.

*

ದೊರೆಗಳ ತಂಡ ದ್ವೀಪವೆಲ್ಲ ಸುತ್ತಿಕೊಂಡು ಮತ್ತೆ ನಮ್ಮ ಊರಿಗೇ ಬಂದು ಪುರಭವನದಲ್ಲಿ ಸಭೆ ನಡೆಸುವುದಿತ್ತು. ಅದರ ಹಿಂದಿನ ದಿನ ದೋನ್ ಸೆವೇರೊ ಕಾಸಿಮೀರಾಳನ್ನು ಬಂಗಲೆಗೆ ಕರೆಸಿದರು. ಜಗಲಿ ಹತ್ತಲು ಬಿಡಲಿಲ್ಲ, ಅಂಗಳದಲ್ಲೇ ನಿಲ್ಲಿಸಿದರು.

“ನನ್ನ ಅಪ್ಪನ ಕಾಲದಿಂದ ಈ ಮಾತಿಗಾಗಿ ಓಡಾಡ್ತಿದೀವಿ. ನಾಳೆ ರಾಜ್ಯ ಆದರೆ ವಾಷಿಂಗ್ಟನ್ನಲ್ಲಿ ಈ ದ್ವೀಪದ ಪರವಾಗಿ ಕುರ್ಚಿ ಮೇಲೆ ಕೂರಬೇಕಾದ ಮನುಷ್ಯ ನಾನು. ನಿನ್ನ ಹಾಳು ಕಾಲು ಬಂದು ಅದಕ್ಕೆ ಅಡ್ಡ ಆಯಿತು.”

“ತಪ್ಪಾಯ್ತು ಧಣಿ.”

“ತಪ್ಪಾಯ್ತು ಅಂದರೆ ಸಾಲದು. ನಾಳೆ ಸಭೆಯಲ್ಲಿ ನಿಂತು ಹೇಳಬೇಕು. ಬೂಟು ನನ್ನದೇ, ದಿನಾ ಹಾಕ್ತೀನಿ, ಅವತ್ತು ತಮಾಷೆಗೆ ಬಿಚ್ಚಿದ್ದೆ, ಧಣಿ ನಮಗೆ ಅಪ್ಪ ಇದ್ದ ಹಾಗೆ. ಇಷ್ಟೇ. ಎಲ್ಲಿ, ಹೇಳು.”

ಅವಳು ಹೇಳಿದಳು. ತಡವರಿಸಿದಳು. ಮತ್ತೆ ಹೇಳಿಸಿದರು. ಅಡುಗೆಮನೆಯ ಕಿಟಕಿಯಿಂದ ಕೆಲಸದ ಹೆಂಗಸರು ಇಣುಕಿ ನೋಡುತ್ತಿದ್ದರು. ಬಾಯಿಪಾಠ ಒಪ್ಪಿಸುವ ಮಗುವಿನಂತೆ ಅಂಗಳದ ಬಿಸಿಲಲ್ಲಿ ನಿಂತು ಧಣಿ ನಮಗೆ ಅಪ್ಪ ಇದ್ದ ಹಾಗೆ, ಅಪ್ಪ ಇದ್ದ ಹಾಗೆ ಎಂದು ಹೇಳುತ್ತಲೇ ಇದ್ದಳು.

“ಆ ಗುಡಿಸಲು ಇರೋದು ಯಾರ ಜಾಗದಲ್ಲಿ?”

“ನಿಮ್ಮದ್ರಲ್ಲಿ ಧಣಿ.”

“ನೆನಪಿರಲಿ. ನಾಲಿಗೆ ಹೊರಳಿದರೆ ನಾಳೆ ಸಂಜೆಗೆ ಅಲ್ಲಿ ಒಂದು ಗಳವೂ ನಿಂತಿರೋದಿಲ್ಲ. ಈಗ ಹೋಗಿ ಪುರಭವನದ ಮೆಟ್ಟಿಲು ತಿಕ್ಕಿ ತೊಳೆದು ಮನೆಗೆ ಹೋಗು.”

“ದೊಡ್ಡ ಉಪಕಾರ ಆಯ್ತು ಧಣಿ,” ಎಂದಳು ಕಾಸಿಮೀರಾ. ಬೆಟ್ಟದವರ ಬಾಯಿಗೆ ಅಭ್ಯಾಸವಾಗಿಬಿಟ್ಟ ಮಾತು ಅದು. ಗೇಟಿನ ಹೊರಗೆ ಬಂದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ಅರಿವಾಯಿತು. ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆದರೂ ಹೋಗಿ ಕತ್ತಲಾಗುವವರೆಗೆ ಮೆಟ್ಟಿಲು ತಿಕ್ಕಿದಳು. ಅಮೃತಶಿಲೆ ಬೆಳ್ಳಗೆ ಹೊಳೆಯಿತು.

*

ಬೆಳಿಗ್ಗೆ ತೊರೆಯಲ್ಲಿ ಕಾಲು ತೊಳೆದಳು. ಕಲ್ಲು ತೆಗೆದುಕೊಂಡು ಹಿಮ್ಮಡಿ ಉಜ್ಜಿದಳು. ಎಷ್ಟು ಉಜ್ಜಿದರೂ ಬಿರುಕಿನ ಕರಿ ಹೋಗಲಿಲ್ಲ. ಪುರಭವನದ ಬಾಗಿಲಲ್ಲಿ ಬಾಲ್ತಾಸಾರ್ ಕಾಯುತ್ತಿದ್ದ. ಗೋಣಿಚೀಲದಿಂದ ಅದೇ ಸಣ್ಣ ಬೂಟು ತೆಗೆದು ಕೊಟ್ಟ.

“ಬ್ಯಾರೆ ದೊಡ್ಡವು ಇಲ್ವಾ ಮೇಸ್ತ್ರಿ?”

“ಮದುವಣಗಿತ್ತಿ ನೋಡು ಇವ್ಳು. ಮೆಟ್ಕಂಡು ನಡಿಯೇ.”

ಬೆರಳು ಮಡಚಿ ತುರುಕಿಕೊಂಡಳು. ಹಳೇ ಗಾಯ ಬಿಚ್ಚಿಕೊಂಡಿತು.

ಒಳಗೆ ಉದ್ದನೆಯ ಮೇಜು, ಅದಕ್ಕೆ ಹಸಿರು ಬಟ್ಟೆ. ಮಧ್ಯದಲ್ಲಿ ಒಬ್ಬ ಬೋಳುತಲೆಯ ದೊರೆ, ಅವನ ಪಕ್ಕದಲ್ಲಿ ಅದೇ ಒಣಹುಲ್ಲಿನ ಬಣ್ಣದ ಹುಬ್ಬಿನವನು. ಮೇಜಿನ ಈ ತುದಿಯಲ್ಲಿ ಬಿಳಿ ಸೂಟು ಹಾಕಿಕೊಂಡ ದೋನ್ ಸೆವೇರೊ. ಎರಡೂ ಕಡೆಯ ಮಾತನ್ನು ಹೇಳಲು ಶಾಲೆಯ ಇಂಗ್ಲಿಷ್ ಮೇಷ್ಟ್ರು. ಕಿಟಕಿಗಳ ಹೊರಗೆ ತೋಟದ ಕೂಲಿಯವರು ಬೂಟು ಹಾಕಿಕೊಂಡು ಬಾವುಟ ಹಿಡಿದು ನಿಂತಿದ್ದರು. ಅವರನ್ನು ಈ ಸಲ ಚೌಕದ ಮೂಲೆಯ ಗೋದಾಮಿನಲ್ಲೇ ಬೂಟು ತೊಡಿಸಿ ಕರೆತಂದಿದ್ದರು.

ಬೋಳುತಲೆಯ ದೊರೆ ಏನೋ ಕೇಳಿದ. “ನಿನ್ನ ಬಗ್ಗೆ ಹೇಳಬೇಕಂತೆ,” ಎಂದರು ಮೇಷ್ಟ್ರು.

ಕಾಸಿಮೀರಾ ನೆಲ ನೋಡುತ್ತ ಹೇಳಿದಳು. “ನನ್ನ ಹೆಸ್ರು ಕಾಸಿಮೀರಾ. ಈ ಬೂಟು ನಂದೇ. ದಿನಾ ಹಾಕ್ತೀನಿ. ಅವತ್ತು ತಮಾಸೆಗೆ ಬಿಚ್ಚಿದ್ದೆ. ಧಣಿ ನಮ್ಗೆ ಅಪ್ಪ ಇದ್ದಂಗೆ.”

ಒಂದು ಅಕ್ಷರವೂ ತಪ್ಪಲಿಲ್ಲ. ದೋನ್ ಸೆವೇರೊ ಕುರ್ಚಿಗೆ ಒರಗಿ ಕೂತರು. ಕಿಟಕಿಯ ಹೊರಗೆ ತೊರೀಬಿಯೊ ಮುಖ ತಿರುಗಿಸಿಕೊಂಡದ್ದು ಕಾಸಿಮೀರಾಳಿಗೆ ಕಂಡಿತು. ಅಂಗಡಿಯ ಗೋಡೆಯ ಮೇಲಿನ ಚಿತ್ರಕ್ಕಿಂತ, ಪಾದ್ರಿಯ ನೋಟಕ್ಕಿಂತ ಇದು ದೊಡ್ಡ ನಾಚಿಕೆ ಅನ್ನಿಸಿತು. ಅವತ್ತಿನ ನಗು ತಿಳಿಯದೆ ನಕ್ಕದ್ದು. ಇದನ್ನು ತಿಳಿದೇ ಹೇಳಿದ್ದಳು.

ಮುಗಿಯಿತು, ಹೋಗಬಹುದು ಎಂದುಕೊಂಡಳು. ಹುಬ್ಬಿನ ದೊರೆ ಪೆನ್ಸಿಲ್ ಎತ್ತಿದ. ಮೇಷ್ಟ್ರು ದೋನ್ ಸೆವೇರೊ ಅವರತ್ತ ನೋಡಿದರು.

“ಏನಂತೆ?” ಎಂದರು ದೋನ್ ಸೆವೇರೊ.

“ದಿನಾ ಬೂಟು ಹಾಕೋ ಕಾಲು ಹೌದೋ ಅಲ್ವೋ ಅಂತ ನೋಡಬೇಕಂತೆ. ಒಂದನ್ನ ಬಿಚ್ಚೋಕೆ ಹೇಳ್ತಿದಾರೆ.”

ದೋನ್ ಸೆವೇರೊ ಮುಖ ಒರೆಸಿಕೊಂಡರು. ಬೇಡ ಎನ್ನುತ್ತಾರೆ ಎಂದು ಕಾಸಿಮೀರಾ ಕಾದಳು. ಅಪ್ಪ ಇದ್ದ ಹಾಗೆ ಎಂದು ಈಗ ತಾನೇ ಹೇಳಿದ್ದಳಲ್ಲ.

“ತೋರಿಸು,” ಎಂದರು ದೋನ್ ಸೆವೇರೊ.

ಒಂದು ಕುರ್ಚಿ ತಂದಿಟ್ಟರು. ಕಾಸಿಮೀರಾ ಎಡಗಾಲಿನ ಬೂಟು ಬಿಚ್ಚಿದಳು. ಒಳಗೆ ರಕ್ತ ಅಂಟಿಕೊಂಡಿತ್ತು, ಎಳೆದಾಗ ಉಸಿರು ಕಟ್ಟಿತು. ಕಾಲನ್ನು ಎತ್ತಿ ಕುರ್ಚಿಯ ಮೇಲೆ ಇಟ್ಟಳು. ಲಂಗ ಮೊಣಕಾಲಿಗೆ ಸರಿಯದಂತೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಹುಬ್ಬಿನ ದೊರೆ ಎದ್ದು ಬಂದು ಬಗ್ಗಿದ. ಕೈಯಿಂದ ಮುಟ್ಟಲಿಲ್ಲ. ಪೆನ್ಸಿಲ್ಲಿನ ತುದಿಯಿಂದ ಹಿಮ್ಮಡಿಯ ಬಿರುಕನ್ನು ಒತ್ತಿದ, ಬೆರಳುಗಳನ್ನು ಅಗಲಿಸಿದ, ಉಗುರಿಲ್ಲದ ಹೆಬ್ಬೆರಳ ಹತ್ತಿರ ನಿಲ್ಲಿಸಿ ಏನೋ ಹೇಳಿದ. ಬೋಳುತಲೆಯವನು ಕೂತಲ್ಲಿಂದಲೇ ಎದುರು ಹೇಳಿದ. ದೋನ್ ಸೆವೇರೊ ತಮ್ಮ ಅರ್ಧಂಬರ್ಧ ಇಂಗ್ಲಿಷಿನಲ್ಲಿ ನಡುವೆ ಬಾಯಿ ಹಾಕಿದರು. ಮೂವರೂ ಅವಳ ಕಾಲಿನ ಮೇಲೆ ಜಗಳವಾಡಿದರು. ಸಂತೆಯಲ್ಲಿ ಹೇಸರಗತ್ತೆ ಕೊಳ್ಳುವಾಗ ದೋನ್ ಸೆವೇರೊ ಗೊರಸು ಎತ್ತಿಸಿ ನೋಡುವುದನ್ನು ಕಾಸಿಮೀರಾ ಎಷ್ಟೋ ಸಲ ಕಂಡಿದ್ದಳು. ಆಗಲೂ ಮಾತು ಕತ್ತೆಯ ತಲೆಯ ಮೇಲೆಯೇ ನಡೆಯುತ್ತಿತ್ತು.

“ಏನಂತಾವ್ರೆ ಮೇಷ್ಟ್ರೇ?”

“ಅದೆಲ್ಲ ನಿನಗೆ ಬೇಡ. ನೆಟ್ಟಗೆ ನಿಂತ್ಕೋ.”

ದೊರೆ ಪೆನ್ಸಿಲ್ಲನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತ. ಆ ಒರೆಸುವುದನ್ನು ಕಾಸಿಮೀರಾ ನೋಡಿದಳು. ನಿಧಾನವಾಗಿ, ತುದಿಯಿಂದ ಹಿಡಿಯವರೆಗೂ ಒರೆಸಿದ. ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ. ನೀನ್ಯಾಕವ್ವ ನಕ್ಕೆ ಎಂದು ಮಗಳು ಕೇಳಿದ್ದು ಕಿವಿಯಲ್ಲಿ ಕೇಳಿಸಿತು.

“ಮೇಷ್ಟ್ರೇ, ಆ ದೊರೆಗೆ ಹೇಳಿ. ನಂದ ನೋಡಿದ್ದಾಯ್ತು. ಈಗ ಅವ್ರೂ ಬಿಚ್ಲಿ. ರಾಜ್ಯ ಆಳೋರ ಕಾಲು ಎಂಗಿರ್ತದೆ ಅಂತ ನಾನೂ ಒಸಿ ನೋಡ್ತೀನಿ.”

ಕಿಟಕಿಯ ಹೊರಗೆ ಯಾರೋ ಕಿಸಕ್ಕೆಂದರು. ಮೇಷ್ಟ್ರ ಕುತ್ತಿಗೆ ಕೆಂಪಾಯಿತು. ಗಂಟಲು ಸರಿ ಮಾಡಿಕೊಂಡು ದೊರೆಗಳಿಗೆ ಎರಡು ಮಾತು ಹೇಳಿದರು. ದೊರೆಗಳಿಬ್ಬರೂ ತಲೆದೂಗಿ ಮುಗುಳ್ನಕ್ಕರು.

“ನೀವೇನು ಹೇಳಿದ್ರಿ?”

“ಸಭೆಗೆ ವಂದನೆ ಹೇಳ್ತಿದಾಳೆ ಅಂದೆ. ಸಾಕು, ಹೋಗು ತಾಯಿ. ನನ್ನ ಹೊಟ್ಟೆ ಮೇಲೂ ಹೊಡೀಬೇಡ.”

ಹಾಗಾದರೆ ಮಾತು ಆ ಮೇಜು ದಾಟುವುದಿಲ್ಲ ಎಂದು ಕಾಸಿಮೀರಾಳಿಗೆ ತಿಳಿಯಿತು. ಬಗ್ಗಿ ಇನ್ನೊಂದು ಬೂಟನ್ನೂ ಬಿಚ್ಚಿದಳು. ಬರಿಗಾಲಲ್ಲಿ ಮೇಜನ್ನು ಬಳಸಿ ನೇರ ಹುಬ್ಬಿನ ದೊರೆಯ ಎದುರು ಹೋಗಿ ನಿಂತಳು. ತನ್ನ ಕಾಲು ತೋರಿಸಿದಳು. ಅವನ ಕಾಲು ತೋರಿಸಿದಳು. ಆಮೇಲೆ ಎರಡೂ ಕೈಯಿಂದ ಗಾಳಿಯಲ್ಲಿ ಬೂಟಿನ ದಾರ ಬಿಚ್ಚಿ, ಬೂಟು ಎಳೆದು, ಪಕ್ಕದಲ್ಲಿಟ್ಟಂತೆ ಮಾಡಿ, ಹೂಂ ಎನ್ನುವ ಹಾಗೆ ಗದ್ದ ಎತ್ತಿದಳು.

ಇದಕ್ಕೆ ಮೇಷ್ಟ್ರು ಬೇಕಾಗಲಿಲ್ಲ. ದೊರೆಯ ಮುಗುಳ್ನಗೆ ಇದ್ದಲ್ಲೇ ಒಣಗಿತು. ಕಿವಿಯ ತುದಿಯವರೆಗೂ ಕೆಂಪೇರಿತು. ಅವನು ಬೋಳುತಲೆಯವನತ್ತ ನೋಡಿದ, ಅವನು ಮುಂದಿದ್ದ ಕಾಗದ ನೋಡಿದ. ಕಾಸಿಮೀರಾ ಸರಿಯಲಿಲ್ಲ, ಅವನ ಕಾಲನ್ನೇ ನೋಡುತ್ತ ನಿಂತಳು. ದೊರೆ ಮೆಲ್ಲಗೆ ತನ್ನ ಎರಡೂ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ.

ಕಾಸಿಮೀರಾ ಹಿಂದಿರುಗಿ ಬಂದು, ಬೂಟುಗಳನ್ನು ದೋನ್ ಸೆವೇರೊ ಅವರ ಮುಂದೆ ಹಸಿರು ಬಟ್ಟೆಯ ಮೇಲೆ ಬೋರಲು ಹಾಕಿ ಅಟ್ಟೆ ಮೇಲೆ ಮಾಡಿ ಇಟ್ಟಳು.

“ತಗಳಿ ಧಣಿ. ಒಂಚೂರೂ ಮಣ್ಣು ಹತ್ತಿಲ್ಲ. ಅಂಗ್ಡಿಗೆ ವಾಪಸ್ ಕೊಟ್ಬುಡಿ.”

“ಹಲ್ಕಾ ಮುಂಡೆ!” ಎಂದರು ದೋನ್ ಸೆವೇರೊ, ದೊರೆಗಳು ಇದ್ದಾರೆ ಎನ್ನುವುದನ್ನೂ ಮರೆತು.

ಹೊರಗೆ ಬಂದಾಗ ಕೂಲಿಯವರು ಅವಳಿಗೆ ದಾರಿ ಬಿಟ್ಟರು. ಯಾರೂ ಜೈ ಅನ್ನಲಿಲ್ಲ, ಯಾರೂ ಬೂಟು ಬಿಚ್ಚಲಿಲ್ಲ. ಎಲ್ಲರ ಗುಡಿಸಲೂ ಇದ್ದದ್ದು ಧಣಿಯ ಜಾಗದಲ್ಲೇ. ಬಾವುಟ ಹಿಡಿದ ಕೈ ಕೆಳಗಿಳಿಸಿ, ತಮ್ಮ ಬೂಟುಗಳನ್ನು ನೋಡುತ್ತ ನಿಂತರು. ಅವರ ನಾಚಿಕೆ ಎಂಥದ್ದೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಯಾರ ಮುಖವನ್ನೂ ನೋಡದೆ ದಾಟಿದಳು. ತೊರೀಬಿಯೊ ಮಾತ್ರ ಅವಳ ತೋಳು ಹಿಡಿದ.

“ಬಿರ್ರನೆ ಮನೀಗೆ ಹೋಗು ತಾಯಿ. ಬಾಲ್ತಾಸಾರ ಆಗ್ಲೇ ಕುದ್ರೆ ಹತ್ತಿದ.”

*

ಅವಳು ಬಿರ್ರನೆ ಹೋಗಲಿಲ್ಲ. ಹೋಗಿ ಏನು ಹಿಡಿದು ನಿಲ್ಲಿಸುವುದು? ಮೂರು ಮಚ್ಚು ಸಾಕು, ತಾಳೆಗರಿಯ ಗುಡಿಸಲು ಒಂದು ಬೀಡಿ ಸೇದುವಷ್ಟರಲ್ಲಿ ನೆಲಕ್ಕೆ ಬರುತ್ತದೆ. ತೊರೆಯ ಹತ್ತಿರ ಬಂದಾಗ ಬೆಟ್ಟದ ಮೇಲಿಂದ ಗಳ ಕಡಿಯುವ ಸದ್ದು ಕೇಳಿಸಿತು. ಬಂಡೆಯ ಮೇಲೆ ಕೂತಳು. ಬೂಟು ಮೆಟ್ಟಲು ಎಷ್ಟು ಸಲ ಕೂತಿದ್ದ ಬಂಡೆ. ಕೈ ತಾನಾಗಿ ಕೊರಳಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ.

ಸದ್ದು ನಿಂತ ಸ್ವಲ್ಪ ಹೊತ್ತಿಗೆ ಎಲ್ಬಾ ಇಳಿದು ಬಂದಳು. ತಲೆಯ ಮೇಲೆ ಕಾಫಿ ಕುಟ್ಟುವ ಮರದ ಒರಳು, ಕಂಕುಳಲ್ಲಿ ಕೋಳಿ, ಒಂದು ಕೈಯಲ್ಲಿ ಮಡಕೆ. ಮೊಣಕಾಲಿನವರೆಗೆ ಕೆಸರು. ಬಾಯಿ ಬಿಟ್ಟ ಅಟ್ಟೆಯ ಆ ಶಾಲೆಯ ಬೂಟುಗಳು ಅವಳ ಕೊರಳಲ್ಲಿ ನೇತಾಡುತ್ತಿದ್ದವು.

“ಎಲ್ಲಾ ಕಡ್ದು ಹಾಕ್ಬುಟ್ರು,” ಎಂದಳು. ಆಮೇಲೆ ಎಷ್ಟೋ ದಿನಗಳ ಮೇಲೆ ತಾಯಿಯ ಮುಖ ನೋಡಿ ಕೇಳಿದಳು, “ಆ ಬಿಳಿ ದೊರೆಗೆ ಬೂಟು ಬಿಚ್ಚು ಅಂದ್ಯಂತೆ? ಮೇಸ್ತ್ರಿ ಬೈತಾ ಇದ್ದ. ನಿಜವಾ?”

“ಹೂಂ.”

“ಬಿಚ್ಚಿದ್ನಾ?”

“ಎಲ್ಲಿ ಬಿಚ್ತಾನೆ? ಕಾಲ ಬಚ್ಚಿಟ್ಕಂಡ.”

ಎಲ್ಬಾ ನಗಲಿಲ್ಲ. ಅದನ್ನು ಯೋಚಿಸುತ್ತ ಒರಳು ಇಳಿಸಿ, ಅಭ್ಯಾಸದಂತೆ ಲಂಗ ಎತ್ತಿಕೊಂಡು ತೊರೆಗೆ ಇಳಿಯಹೋದಳು.

“ಬ್ಯಾಡ ಬುಡು,” ಎಂದಳು ಕಾಸಿಮೀರಾ. “ಇವತ್ತು ತೊಳೀಬ್ಯಾಡ.”

“ಊರೊಳಕ್ಕೆ ಹಿಂಗೇನಾ? ಎಲ್ಲಿಗವ್ವ ಹೋಗದು ನಾವು?”

“ಸಭೆ ಇನ್ನೂ ಮುಗ್ದಿಲ್ಲ. ಅಲ್ಲಿಗೇ.”

ಕಾಸಿಮೀರಾ ಬಂಡೆಯಿಂದ ಇಳಿದು ತನ್ನ ಕಾಲನ್ನೂ ದಡದ ಕೆಸರಿನಲ್ಲಿ ಊರಿ, ಒರಳನ್ನು ತಲೆಗೆ ಏರಿಸಿಕೊಂಡಳು. ನೀರಿಗೆ ಕಾಲು ತಾಗದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಇಬ್ಬರೂ ತೊರೆ ದಾಟಿದರು. ಅಂಗಡಿಯವನು ಬಾಗಿಲಿಗೆ ಬಂದು ನೋಡಿದ, ಆಡಿಕೊಳ್ಳಲು ಬಾಯಿ ತೆರೆದವನು ಹಾಗೆಯೇ ನಿಂತ. ನಾಚಿಕೆ ಹೋಗಿರಲಿಲ್ಲ. ಪ್ರತಿ ಕಿಟಕಿಯ ಮುಂದೆಯೂ ಕಾಸಿಮೀರಾಳ ಬೆನ್ನು ಸುಡುತ್ತಿತ್ತು. ಆದರೆ ಈ ಸಲ ಅವಳು ಲಂಗವನ್ನು ಕೆಳಗೆ ಎಳೆದುಕೊಳ್ಳಲಿಲ್ಲ.

ಪುರಭವನದೊಳಗೆ ಇನ್ನೂ ಇಂಗ್ಲಿಷಿನಲ್ಲಿ ಮಾತು ನಡೆದಿತ್ತು. ದೊರೆಗಳ ಕಾರುಗಳು ಹೊರಗೇ ನಿಂತಿದ್ದವು. ನಿನ್ನೆ ಕತ್ತಲಾಗುವವರೆಗೆ ತಾನೇ ತಿಕ್ಕಿ ತೊಳೆದ ಬಿಳಿ ಮೆಟ್ಟಿಲುಗಳ ಮೇಲೆ ಕಾಸಿಮೀರಾ ಕೆಸರುಗಾಲು ಊರಿದಳು, ಹಿಂದೆಯೇ ಎಲ್ಬಾ. ಬಾಗಿಲಿನ ಎದುರಿಗೆ, ಒಳಗಿನವರು ಹೊರಗೆ ಬರಬೇಕಾದರೆ ದಾಟಲೇಬೇಕಾದ ಕಡೆ, ಒರಳು ಇಳಿಸಿದಳು, ಮಡಕೆ ಇಟ್ಟಳು, ಕೋಳಿಯ ಕಾಲನ್ನು ಕಂಬಕ್ಕೆ ಕಟ್ಟಿದಳು. ಪೊಲೀಸಿನವನು ಸೀಟಿ ಊದುತ್ತ ಚೌಕದ ಆ ಬದಿಯಿಂದ ಬರುತ್ತಿದ್ದ. ತಾಯಿ ಮಗಳು ಇಬ್ಬರೂ ಕಾಲು ಚಾಚಿಕೊಂಡು ಕೂತರು.